ಹಳೆ ರೇಷ್ಮೆಗೆ ಹೊಲಿಗೆ ಮಿಷನ್ನು ಯಾಕೆ?

ರಾಮನಗರ ಸೀಮೆಯ ಬೀದಿಗಳಲ್ಲಿ ಹಳೆ ಬಟ್ಟೆಗೆ ಸಾಮಾನ್ಯವಾಗಿ ಎರಡು ದಾರಿ. ಹತ್ತಾರು ಚೂಡಿದಾರ, ಪ್ಯಾಂಟು, ಶರಟುಗಳನ್ನು ಗಂಟು ಕಟ್ಟಿ ಕೊಟ್ಟರೆ ಸ್ಟೀಲ್ ಪಾತ್ರೆಯವರು ಒಂದು ಡಬರಿಯನ್ನೋ ಪ್ಲಾಸ್ಟಿಕ್ ಬುಟ್ಟಿಯನ್ನೋ ಕೊಟ್ಟು ಹೋಗುತ್ತಾರೆ. 'ಹಳೇ ಜರಿ ಸೀರೆ, ರೇಷ್ಮೆ ಸೀರೆ' ಎಂದು ಕೂಗಿಕೊಂಡು ಬರುವವರದು ಇನ್ನೊಂದು ದಾರಿ. ಅವರಿಗೆ ಸೀರೆಯ ಬಣ್ಣ ಬೇಡ, ನೇಯ್ಗೆ ಬೇಡ. ಅಂಚು, ಸೆರಗು ತಿರುಗಿಸಿ ಜರಿ ಅಸಲಿಯೋ ನಕಲಿಯೋ ಎಂದಷ್ಟೇ ನೋಡುತ್ತಾರೆ. ಅಸಲಿಯಾದರೆ ಆ ಸೀರೆಯ ಗತಿ ಬೆಂಕಿ. ಸುಟ್ಟ ಮೇಲೆ ಉಳಿಯುವ ಬೆಳ್ಳಿಗಷ್ಟೇ ಬೆಲೆ, ರೇಷ್ಮೆಗೆ ಮೂರು ಕಾಸೂ ಇಲ್ಲ. ಈ ಎರಡರ ನಡುವೆ ಮೂರನೆಯದೊಂದು ದಾರಿಯಿದೆ: ಬಿಚ್ಚಿ, ತಿದ್ದಿ, ಮತ್ತೆ ಉಡುವುದು ಅಥವಾ ತೊಡುವುದು. ಆದರೆ ಅದರ ಮಾತೆತ್ತಿದರೆ ಸಿಗುವ ಉತ್ತರ ಒಂದೇ. ಮನೆಯಲ್ಲಿ ಮಿಷನ್ನಿಲ್ಲ, ಇದ್ದರೂ ರಿಪೇರಿಗೆ ಬಂದಿದೆ, ಟೈಲರಂತೂ ಆಲ್ಟ್ರೇಷನ್ ಕೆಲಸ ಮುಟ್ಟುವುದಿಲ್ಲ. ಮಿಷನ್ನಿಲ್ಲ ಎಂಬುದನ್ನು ನಾವು ಕೊರತೆಯೆಂದು ಎಣಿಸುತ್ತಿರುವುದೇ ತಪ್ಪು ಎಂಬುದು ನನ್ನ ವಾದ. ಹಳೆ ಬಟ್ಟೆಗೆ, ಅದರಲ್ಲೂ ಹಳೆ ರೇಷ್ಮೆಗೆ, ಕೈಸೂಜಿಯೇ ಸರಿಯಾದ ಸಲಕರಣೆ. ಮಿಷನ್ನು ಸಿಕ್ಕರೂ ಪಕ್ಕಕ್ಕಿಟ್ಟು ಸೂಜಿ ಹಿಡಿಯಬೇಕಾದ ಬಟ್ಟೆಗಳಿವೆ, ಮತ್ತು ಅಂಥವು ನಮ್ಮ ಬೀರುಗಳಲ್ಲಿ ಬೇಕಾದಷ್ಟಿವೆ.

ಈ ಮಾತನ್ನು ಬೇರೆಲ್ಲಿಗಿಂತ ಹೆಚ್ಚಾಗಿ ಈ ರಾಮನಗರ ಜಿಲ್ಲೆಯಲ್ಲಿ ಆಡಬೇಕು. ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ರೇಷ್ಮೆಗೂಡು ತರುವ ರೈತನ ಬಾಯಲ್ಲಿ ಗೂಡಿನ ಮಾರುಕಟ್ಟೆ ಮಾತ್ರ ಇಂದಿಗೂ ರಾಮನಗರದ್ದೇ. ಕನಕಪುರ, ಮಾಗಡಿ ಕಡೆಯ ಹಿಪ್ಪುನೇರಳೆ ತೋಟಗಳಿಂದ ಹಿಡಿದು ರಾಮನಗರದ ನೂಲು ಬಿಚ್ಚುವ ಬಿಸಿನೀರಿನ ಬೇಸನ್‌ಗಳ ತನಕ ರೇಷ್ಮೆ ಎಂದರೆ ಏನು ಎಂಬುದು ಇಲ್ಲಿನವರಿಗೆ ಕೈಯಾರೆ ಗೊತ್ತು. ಮೊಟ್ಟೆಯೊಡೆದ ಹುಳ ಪೊರೆ ಕಳಚುವ ನಾಲ್ಕು ಜ್ವರ ದಾಟಿ, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಹತ್ತುವ ಹೊತ್ತಿಗೆ ಹೆಚ್ಚುಕಮ್ಮಿ 4 ವಾರ. ಆ ನಾಲ್ಕು ವಾರ ಮನೆಯವರಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. 1 ಕಿಲೋ ಕಚ್ಚಾ ರೇಷ್ಮೆಗೆ ಗೂಡಿನ ತರದ ಮೇಲೆ 6ರಿಂದ 8 ಕಿಲೋ ಗೂಡು ಬೇಕು. ಅರ್ಧ ಕಿಲೋ ತೂಗುವ ಒಂದು ಸೀರೆಯ ಹಿಂದೆ 2000ಕ್ಕೂ ಮೇಲ್ಪಟ್ಟು ಹುಳುಗಳ ಜೀವವಿದೆ. ಬಿಚ್ಚಾಣಿಕೆಯಲ್ಲಿ ಉಳಿದ ತೂತುಗೂಡು, ಹರಿದ ಎಳೆಗಳನ್ನೂ ಎಸೆಯಬಾರದೆಂದೇ ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಮಿಲ್ಲು ಹುಟ್ಟಿಕೊಂಡಿತು. ತ್ಯಾಜ್ಯವನ್ನೇ ಹಿಂಜಿ ನೂಲು ಮಾಡುವುದು ಅದರ ಕಸುಬಾಗಿತ್ತು. ನೂಲಾಗುವ ಮೊದಲಿನ ಕಸವನ್ನು ಇಷ್ಟು ಜೋಪಾನ ಮಾಡಿದ ಸೀಮೆ, ನೇಯ್ದು ಉಟ್ಟು ಬೀರು ಸೇರಿದ ರೇಷ್ಮೆಯನ್ನು ಜರಿಯವರ ಬೆಂಕಿಗೆ ಕೊಟ್ಟುಬಿಡುವುದಕ್ಕೆ ಬಡತನವೊಂದೇ ಕಾರಣವಾಗಿರಲಾರದು. ತಿದ್ದುವುದು ಹೇಗೆಂಬುದು ಮರೆತುಹೋಗಿದೆ, ಅಷ್ಟೇ.

ಕೈಸೂಜಿ ಯಾಕೆ ಎಂಬುದಕ್ಕೆ ಬಟ್ಟೆಯೇ ಉತ್ತರ ಹೇಳುತ್ತದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬಿದ್ದಿದ್ದ ರೇಷ್ಮೆ ಮೊದಲು ಸೀಳುವುದು ಆ ಮಡಿಕೆಯ ಗೆರೆಯಲ್ಲೇ. ಬೆವರು, ಬಿಸಿಲು ಎರಡೂ ಅದಕ್ಕೆ ಶತ್ರು. ಕಂಕುಳ ಭಾಗ, ಭುಜ, ನೆರಿಗೆಯ ತುದಿ ಮೊದಲು ಬಡವಾಗುತ್ತವೆ. ಜರಿಯ ಲೋಹದ ಎಳೆ ಪಕ್ಕದ ರೇಷ್ಮೆ ಎಳೆಯನ್ನು ಮಡಿಕೆಯಲ್ಲಿ ಸವೆಸುತ್ತಲೇ ಇರುತ್ತದೆ. ಇಂಥ ಬಟ್ಟೆಯನ್ನು ಮಿಷನ್ನಿನ ಕೆಳಗಿಟ್ಟರೆ ಸೂಜಿ ಒಂದೇ ಗೆರೆಯಲ್ಲಿ, ಒತ್ತೊತ್ತಾಗಿ, ನೂರಾರು ಸಲ ಚುಚ್ಚುತ್ತದೆ. ಅಂಚೆಚೀಟಿ ಹರಿಯಲೆಂದೇ ಮಾಡಿದ ತೂತಿನ ಸಾಲಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇದಕ್ಕಿಂತ ಮುಖ್ಯವಾದದ್ದು ದಾರ. ಅಂಗಡಿಯ ಪಾಲಿಯೆಸ್ಟರ್ ದಾರ ಹಳೆ ರೇಷ್ಮೆಗಿಂತ ಎಷ್ಟೋ ಗಟ್ಟಿ. ಎಳೆತ ಬಿದ್ದಾಗ ಅದು ಕಿತ್ತುಬರುವುದಿಲ್ಲ, ಬಟ್ಟೆಯನ್ನೇ ಕೊಯ್ಯುತ್ತದೆ. ಹಳೆ ಬಟ್ಟೆಗೆ ಹಾಕುವ ದಾರ ಬಟ್ಟೆಗಿಂತ ಬಡವಾಗಿರಬೇಕು. ಒತ್ತಡ ಬಂದಾಗ ಮೊದಲು ದಾರ ಹೋಗಬೇಕು, ಬಟ್ಟೆ ಉಳಿಯಬೇಕು. ಕಿತ್ತ ದಾರವನ್ನು ಸಂಜೆ ಮತ್ತೆ ಹಾಕಬಹುದು, ಸೀಳಿದ ಒಡಲನ್ನು ಕೂಡಿಸಲಾಗದು. ಸಡಿಲವಾಗಿ, ಅಂತರ ಬಿಟ್ಟು, ತೆಳು ದಾರದಲ್ಲಿ ಹಾಕಿದ ಕೈಹೊಲಿಗೆಗೆ ಈ ಗುಣ ತಾನಾಗಿಯೇ ಇದೆ. ಬೇಡವೆನಿಸಿದರೆ ಗುರುತಿಲ್ಲದಂತೆ ಬಿಚ್ಚಬಹುದು, ಹಾಗಾಗಿ ತಪ್ಪಿದರೂ ನಷ್ಟವಿಲ್ಲ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಧೈರ್ಯ ಕೊಡುವ ಸಂಗತಿ ಬೇರೆ ಬೇಕಿಲ್ಲ.

ಮಾತು ಗಾಳಿಯಲ್ಲಿ ತೇಲದಿರಲು ಒಂದು ಬಟ್ಟೆಯನ್ನೇ ಮುಂದಿಟ್ಟುಕೊಳ್ಳೋಣ. ಬೆಂಗಳೂರಿನ ಸಂಡೇ ಬಜಾರಿನ ರಾಶಿಯಲ್ಲೋ, ಇನ್‌ಸ್ಟಾಗ್ರಾಂನಲ್ಲಿ ಹುಡುಗಿಯರು ನಡೆಸುವ ಥ್ರಿಫ್ಟ್ ಅಂಗಡಿಗಳಲ್ಲೋ ಧಾರಾಳವಾಗಿ ಸಿಗುವ ಉದ್ದನೆಯ ಡ್ರೆಸ್ಸು. ಬಟ್ಟೆ ಚೆನ್ನ, ಬಣ್ಣ ಚೆನ್ನ. ಕಾಲ ಮಾತ್ರ 1990ರ ಆಸುಪಾಸು. ಬುಗ್ಗೆಯಂಥ ಪಫ್ ತೋಳು, ಭುಜದೊಳಗೆ ಪ್ಯಾಡು, ಕೊರಳಿಗೆ ಹಳದಿಗಟ್ಟಿದ ಲೇಸು, ಸೊಂಟ ಎಲ್ಲಿದೆಯೆಂದೇ ತಿಳಿಯದ ಅಗಲ. ಇದನ್ನು ಒಳಮೈ ಹೊರಗೆ ಮಾಡಿ ಹಾಸಿದರೆ ಅರ್ಧ ಕೆಲಸ ಕಣ್ಣಿಗೇ ಆಗುತ್ತದೆ. ಭುಜದ ಪ್ಯಾಡು ನಿಂತಿರುವುದು ನಾಲ್ಕೈದು ಟಾಕಿಯ ಮೇಲೆ. ಕತ್ತರಿಯ ತುದಿಯಲ್ಲಿ ಅವನ್ನು ಕಿತ್ತರೆ ಡ್ರೆಸ್ಸಿನ ವಯಸ್ಸು ಹತ್ತು ವರ್ಷ ಇಳಿಯುತ್ತದೆ. ಲೇಸನ್ನೂ ಹಾಗೇ ಬಿಚ್ಚಬೇಕು. ಅರ್ಧ ಬ್ಲೇಡು ಹಿಡಿದು ಕೀಳುವುದು ನಮ್ಮಲ್ಲಿ ರೂಢಿ, ರೇಷ್ಮೆಯ ಹತ್ತಿರ ಅದು ಬೇಡ, ಜಾರಿದರೆ ಮುಗಿಯಿತು. ತೋಳನ್ನು ಪೂರ್ತಿ ಬಿಚ್ಚಿದರೆ ಅದರ ಬಟ್ಟೆಯಿಂದಲೇ ಓರೆಯಾಗಿ ಬೆರಳಗಲದ ಕ್ರಾಸ್ ಪಟ್ಟಿ ಕತ್ತರಿಸಿ, ಕಂಕುಳ ಸುತ್ತಿನ ಅಂಚನ್ನು ಅದರಲ್ಲಿ ಮುಚ್ಚಿ ಒಳಗಡೆಯಿಂದ ಹೆಮ್ಮಿಂಗ್ ಮಾಡಬಹುದು. ತೋಳು ಬೇಕೇ ಬೇಕೆನ್ನುವವರು ಪಫ್‌ನ ಹೆಚ್ಚುವರಿ ಬಟ್ಟೆಯನ್ನು ಎರಡು ಮೂರು ಚಪ್ಪಟೆ ನೆರಿಗೆಯಾಗಿ ಹಿಂದಕ್ಕೆ ಮಡಿಸಿ ಕೂರಿಸಲಿ. ಸೊಂಟದ ಅಗಲಕ್ಕೆ ಕತ್ತರಿಯೇ ಬೇಡ. ಒಳಗೊಂದು ಪಟ್ಟಿ ಹಚ್ಚಿ ಲಾಡಿ ತೂರಿಸಿದರೆ ಬೇಕಾದಷ್ಟು ಬಿಗಿ, ಬೇಕಾದಷ್ಟು ಸಡಿಲ. ಲಂಗದ ಲಾಡಿ ಕಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಭುಜದ ಭಾರ ಹೊರುವ ಜಾಗದಲ್ಲಿ ಮಾತ್ರ ಒಂದು ಹೆಜ್ಜೆ ಮುಂದೆ ಅರ್ಧ ಹೆಜ್ಜೆ ಹಿಂದೆ ಹೋಗುವ ಬ್ಯಾಕ್ ಸ್ಟಿಚ್, ಉಳಿದೆಡೆ ಕಚ್ಚಾ ಹೊಲಿಗೆ, ಹೆಮ್ಮಿಂಗ್ ಸಾಕು. ದಾರ ಒಂದು ಮೊಳಕ್ಕಿಂತ ಉದ್ದ ಬೇಡ. ಆತುರಕ್ಕೆ ಮಾರುದ್ದ ಪೋಣಿಸಿದರೆ ಅದು ಗಂಟಾಗುತ್ತದೆ, ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ.

ಇನ್ನು ಗುಂಡಿ. ಹಳೆ ಡ್ರೆಸ್ಸಿನ ಮುಪ್ಪು ಅನೇಕ ಸಲ ಇರುವುದು ಅದರ ಪ್ಲಾಸ್ಟಿಕ್ ಗುಂಡಿಗಳಲ್ಲಿ. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆ ಮರದ ತುಂಡನ್ನು ಲೇತಿಗೆ ಹಾಕಿ, ತಿರುಗುವ ಕಾವಿಗೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಡುತ್ತಾರೆ. ಬೊಂಬೆ ಮಾಡುವ ಆ ಕೈಗಳೇ ಮಣಿ, ಬಳೆ, ಗುಂಡಿಗಳನ್ನೂ ಮಾಡುತ್ತವೆ. ಅಂಥ ಆರು ಗುಂಡಿ ಹೊಲಿದ ಡ್ರೆಸ್ಸು ಬೆಂಗಳೂರಿನ ದೊಡ್ಡ ಬುಟಿಕ್ಕಿನಲ್ಲೂ ತಲೆಯೆತ್ತಿ ನಿಲ್ಲುತ್ತದೆ. ಅರಗು ಕಾವಿಗೆ ಕರಗುವ ಪದಾರ್ಥ, ಆದ್ದರಿಂದ ಇಸ್ತ್ರಿಪೆಟ್ಟಿಗೆ ಅದರ ಮೇಲೆ ಹಾಯಬಾರದು, ಬಿಸಿನೀರಲ್ಲಿ ನೆನೆಹಾಕುವಂತಿಲ್ಲ. ಗುಂಡಿಗಳನ್ನು ಸುಲಭವಾಗಿ ಬಿಚ್ಚಿ ಹಾಕುವಂತೆ ಕೈಯಲ್ಲೇ ಹೊಲಿದಿರಬೇಕು ಎನ್ನುವುದಕ್ಕೆ ಇದು ಇನ್ನೊಂದು ಕಾರಣ. ಡ್ರೆಸ್ಸಿನ ಉದ್ದ ತಗ್ಗಿಸುವಾಗಲೋ ಹೆಚ್ಚಿಸುವಾಗಲೋ ಹಳೆ ಮಡಿಕೆಯ ಗೆರೆ ಬಿಳಿಚಿಕೊಂಡು ಕಾಣುತ್ತದೆ. ಅಲ್ಲಿಗೆ ಸೀಳಿದ ರೇಷ್ಮೆ ಸೀರೆಯ ಗಟ್ಟಿಯಿರುವ ಅಂಚನ್ನು ಹಚ್ಚುವುದು ಎಲ್ಲರಿಗೂ ಹೊಳೆಯುವ ಉಪಾಯ. ಒಡಲು ಹೋದರೂ ಅಂಚು ಗಟ್ಟಿಯಾಗಿರುವ ಸೀರೆ ಎಲ್ಲ ಮನೆಯಲ್ಲೂ ಒಂದಾದರೂ ಇರುತ್ತದೆ. ಕಬ್ಬಾಳಮ್ಮನ ಜಾತ್ರೆಗೆ, ಮಾಗಡಿ ರಂಗನಾಥನ ತೇರಿಗೆ ವರ್ಷಕ್ಕೊಮ್ಮೆ ಹೊರಬಂದು ಮತ್ತೆ ನುಸಿಗುಳಿಗೆಯ ವಾಸನೆಗೆ ಮರಳುವ ಸೀರೆಗಳವು. ಜರಿಯವರ ಬೆಂಕಿಗೆ ಹೋಗಬೇಕಾದ ಅಂಚು ಹೀಗೆ ಇನ್ನೊಂದು ಬಟ್ಟೆಯ ಕಾಲಬುಡದಲ್ಲಿ ಹತ್ತು ವರ್ಷ ಬಾಳೀತು.

ಕೈಹೊಲಿಗೆ ಬಾಳಿಕೆ ಬರುವುದಿಲ್ಲ ಎನ್ನುವವರಿದ್ದಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕೌದಿಯನ್ನು ಅವರು ನೋಡಲಿ. ಅಲ್ಲಿ ಇರುವುದೆಲ್ಲ ಹಳೆ ಸೀರೆ, ಹಳೆ ಅಂಗಿ. ಹೊಲಿಗೆಯೆಲ್ಲ ಕೈಯದು, ಅದರಲ್ಲೂ ಬರೀ ಕಚ್ಚಾ ಹೊಲಿಗೆಯ ಸಾಲುಗಳು. ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುವ ಆ ಸಾಲುಗಳು ಒಂದೊಂದೂ ದುರ್ಬಲ, ಎಲ್ಲ ಸೇರಿ ಬಲವೋ ಬಲ. ಮಲೆನಾಡಿನ ಚಳಿ, ಮಕ್ಕಳ ಉಚ್ಚೆ, ಹೊಳೆಯ ಕಲ್ಲಿನ ಒಗೆತ ಎಲ್ಲವನ್ನೂ ಅವು ತಾಳಿಕೊಳ್ಳುತ್ತವೆ. ಧಾರವಾಡದ ಕಸೂತಿಯಲ್ಲಿ ಗಂಟೇ ಹಾಕುವುದಿಲ್ಲ, ಆದರೂ ದಾರ ಜಾರುವುದಿಲ್ಲ. ಹಳೆಯದನ್ನು ತಿದ್ದುವುದಕ್ಕೆ ಹೊರಗಿನ ಉದಾಹರಣೆಯೂ ಬೇಕಾದರೆ, ಎರಡನೇ ಮಹಾಯುದ್ಧದಲ್ಲಿ ಬಟ್ಟೆಗೆ ರೇಷನ್ ಬಂದಾಗ ಬ್ರಿಟನ್ ಸರ್ಕಾರವೇ 1943ರಲ್ಲಿ ಹಳೆಯದನ್ನು ತಿದ್ದಿ ತೊಡುವುದು ಹೇಗೆಂದು ಕೈಪಿಡಿ ಅಚ್ಚು ಹಾಕಿಸಿತ್ತು. ಹಾಗೆಂದು ಎಲ್ಲಕ್ಕೂ ಕೈಹೊಲಿಗೆಯೇ ಮೇಲು ಎಂದರೆ ಅದು ಮೊಂಡುವಾದ. ಜೀನ್ಸ್ ಪ್ಯಾಂಟಿನ ತೊಡೆಸಂದಿಗೆ, ಶಾಲೆಯ ಯೂನಿಫಾರಂಗೆ, ಎಳೆದರೆ ಹಿಗ್ಗುವ ಟೀ ಶರ್ಟಿಗೆ ಮಿಷನ್ನೇ ಸರಿ. ನನ್ನ ಮಾತು ಹಗುರ ಬಟ್ಟೆಯ, ಹಳೆ ರೇಷ್ಮೆಯ, ಅಪರೂಪಕ್ಕೆ ತೊಡುವ ಉಡುಪಿನ ಮಟ್ಟಿಗೆ.

ಹೊಲಿಗೆ ಮಿಷನ್ನನ್ನು ಕೀಳುಗಳೆದರೆ ಹೆಣ್ಣುಮಕ್ಕಳಿಗೆ ಅನ್ಯಾಯ ಮಾಡಿದಂತೆ ಎಂಬ ಮಾತಿಗೆ ತೂಕವಿದೆ. ಯಂತ್ರಗಳ ವಿರುದ್ಧ ಅಷ್ಟೆಲ್ಲ ಬರೆದ ಗಾಂಧೀಜಿ ಕೂಡ, 1924ರಲ್ಲಿ ಶಾಂತಿನಿಕೇತನದ ವಿದ್ಯಾರ್ಥಿ ರಾಮಚಂದ್ರನ್ ಕೇಳಿದಾಗ, ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ ಎಂಬುದು ಅವರ ನಂಬಿಕೆ. ಹಲವು ಸಂಸಾರ ಹೂಡಿದ್ದ ಆ ಸಿಂಗರ್‌ನ ದಾಂಪತ್ಯದ ಚರಿತ್ರೆ ಅಷ್ಟು ಮಧುರವಲ್ಲ, ಅದು ಬೇರೆ ಮಾತು. ನಮ್ಮ ಸರ್ಕಾರಗಳೂ ಮಹಿಳೆಗೆ ಸ್ವಾವಲಂಬನೆ ಎಂದ ತಕ್ಷಣ ಉಚಿತ ಹೊಲಿಗೆ ಯಂತ್ರದ ಕಡೆ ಕೈ ತೋರುತ್ತವೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವೂ ಇದೆ. ಬೇಡವೆನ್ನಲು ನಾನ್ಯಾರು? ಆದರೆ ಮಿಷನ್ನು ಕೊಟ್ಟರೆ ಹೊಲಿಗೆ ಬಂದಂತೆಯೇ ಎಂದು ತಿಳಿದಿದ್ದರೆ ಬೆಳಗಿನ ಹೊತ್ತು ಕನಕಪುರ ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ ಹೋಗುವ ಗಾರ್ಮೆಂಟ್ಸ್ ಬಸ್ಸುಗಳನ್ನು ನೋಡಬೇಕು. ಅವುಗಳಲ್ಲಿ ಕೂತ ಹೆಂಗಸರು ದಿನವಿಡೀ ಮಿಷನ್ನಿನ ಮುಂದೆಯೇ ಇರುವವರು. ಕಾಲರ್ ಕೂರಿಸುವವಳು ಕಾಲರನ್ನೇ, ತೋಳು ಜೋಡಿಸುವವಳು ತೋಳನ್ನೇ, ಗಂಟೆಗಿಷ್ಟು ಎಂಬ ಟಾರ್ಗೆಟ್‌ಗೆ ಹೊಲಿಯುತ್ತಾಳೆ. ವರ್ಷಗಟ್ಟಲೆ ದುಡಿದರೂ ಒಂದು ಇಡೀ ಅಂಗಿ ಅವಳ ಕೈಯಲ್ಲಿ ಮುಗಿಯುವುದೇ ಇಲ್ಲ. ಕಾರ್ಖಾನೆಯ ಲೈನ್ ಇರುವುದೇ ಹಾಗೆ. ಹಳೆ ಡ್ರೆಸ್ಸೊಂದನ್ನು ಬಿಚ್ಚುವಾಗ ಮಾತ್ರ ತೋಳು ಎಲ್ಲಿ ಸೇರುತ್ತದೆ, ನೆರಿಗೆ ಯಾಕೆ ಅಲ್ಲಿದೆ, ಮಾರ್ಜಿನ್ ಎಷ್ಟು ಬಿಟ್ಟಿದ್ದಾರೆ ಎಂಬುದೆಲ್ಲ ಒಟ್ಟಿಗೆ ಕಾಣುತ್ತದೆ. ಬಿಚ್ಚಲು ಬಂದವರಿಗೆ ಹೊಲಿಯಲೂ ಬರುತ್ತದೆ.

ಗಾರ್ಮೆಂಟ್ಸಿನ ಆ ಹೆಂಗಸಿಗೆ ರಾತ್ರಿ ಒಂಬತ್ತಕ್ಕೆ ಮನೆ ಸೇರಿದ ಮೇಲೆ ಸೂಜಿ ಹಿಡಿಯುವ ಹೊತ್ತೆಲ್ಲಿ ಎಂದು ಕೇಳಿದರೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಫುಟ್‌ಪಾತಿನಲ್ಲಿ ಎಕ್ಸ್‌ಪೋರ್ಟ್ ರಿಜೆಕ್ಟ್ ಟಾಪು ಅಗ್ಗಕ್ಕೆ ಸಿಗುವಾಗ ಎರಡು ಸಂಜೆ ಕೂತು ಹಳೆಯದನ್ನು ತಿದ್ದು ಎನ್ನುವುದು ಬಿಡುವಿದ್ದವರ ಉಪದೇಶವಾಗಿ ಕೇಳಿಸುತ್ತದೆ. ಆದ್ದರಿಂದಲೇ ಈ ಕೆಲಸವನ್ನು ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ತಾವೇ ಮಾಡಿಕೊಳ್ಳಬೇಕು ಎಂದು ನಾನು ಹೇಳುತ್ತಿಲ್ಲ. ಕೂಲಿ ಸಿಗುವ ಕೆಲಸವಾಗಬೇಕು ಅದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಅದನ್ನು ತೇಲಿಸಿ ಬಿಡುವಂತಿಲ್ಲ. ಇನ್ನೊಬ್ಬರು ತೊಟ್ಟುಬಿಟ್ಟ ಬಟ್ಟೆ ಎನ್ನುವುದು ನಮ್ಮಲ್ಲಿ ಫ್ಯಾಷನ್ನಿನ ಮಾತಾಗಿ ಹುಟ್ಟಿದ್ದಲ್ಲ. ಶೂದ್ರನಿಗೆ ಹಳೆ ಬಟ್ಟೆ ಕೊಡಬೇಕು, ಚಂಡಾಲರು ಸತ್ತವರ ಬಟ್ಟೆ ಉಡಬೇಕು ಎಂದು ಮನುಸ್ಮೃತಿ ಕಟ್ಟಳೆಯನ್ನೇ ಮಾಡಿದೆ. ಆ ಗ್ರಂಥವನ್ನು ಅಂಬೇಡ್ಕರ್ 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟರು. ಅಲ್ಲಿಯೇ ನೆರೆದಿದ್ದ ಹೆಣ್ಣುಮಕ್ಕಳಿಗೆ, ಜಾತಿಯನ್ನು ಸಾರಿ ಹೇಳುವಂತೆ ಉಡುವುದನ್ನು ಬಿಡಿ, ಅಚ್ಚುಕಟ್ಟಾಗಿ ಉಡಿ ಎಂದು ಹೇಳಿದ್ದರು. ಗೌಡರ ಮನೆಯ ಹಳೆ ಸೀರೆಯನ್ನು ಸೆರಗೊಡ್ಡಿ ಇಸಿದುಕೊಂಡ ತಾಯಂದಿರ ಮಕ್ಕಳು ಇವತ್ತು ಹೊಸದನ್ನೇ ಕೊಳ್ಳುತ್ತೇವೆ ಎಂದರೆ ಅದರಲ್ಲಿ ದುಂದಿಲ್ಲ, ಮಾನವಿದೆ. ಅವರಿಗೆ ಪರಿಸರದ ಪಾಠ ಹೇಳಲು ಹೋಗುವುದು ನಾಚಿಕೆಗೇಡು. ನನ್ನ ವಾದ ಅವರ ಕಡೆ ಮುಖ ಮಾಡಿಲ್ಲ. ಬೀರು ತುಂಬಿ ಮೇಲೊಂದು ಟ್ರಂಕಿಟ್ಟುಕೊಂಡವರು ತಮ್ಮದೇ ಹಳೆಯದನ್ನು ತಾವೇ ತಿದ್ದಿಸಿ ತೊಡಲಿ. ಉಟ್ಟು ಸಾಕಾದದ್ದನ್ನು ಕೆಲಸದಾಕೆಗೆ ಕೊಟ್ಟು ದಾನವೆಂದು ಬರೆದುಕೊಳ್ಳುವುದನ್ನು ನಿಲ್ಲಿಸಲಿ. ಕೊಳ್ಳುವವಳು ದುಡ್ಡು ಕೊಟ್ಟು, ಆರಿಸಿ, ತನ್ನ ಅಳತೆಗೆ ತಿದ್ದಿಸಿಕೊಂಡ ಡ್ರೆಸ್ಸಿಗೂ ಹಿತ್ತಲ ಬಾಗಿಲಲ್ಲಿ ಕೈಗೆ ಬಿದ್ದ ಗಂಟಿಗೂ ಅಜಗಜಾಂತರ. ಸತ್ತವರದ್ದೋ ರೋಗಿಯದ್ದೋ ಎಂಬ ಅಳುಕು, ಮೈಲಿಗೆಯ ಮಾತು ಬೇರೆ ಕೆಲವರಲ್ಲಿದೆ. ಅಳುಕಿಗೆ ಮದ್ದು ಒಗೆತ. ಹತ್ತಿಬಟ್ಟೆಯಾದರೆ ಬಿಸಿನೀರು, ಬಿಸಿಲು. ರೇಷ್ಮೆಯಾದರೆ ಅಂಟುವಾಳದ ತಣ್ಣೀರು, ನೆರಳು. ಮೈಲಿಗೆಗೆ ಮದ್ದಿಲ್ಲ, ಅದನ್ನು ಬಿಡಬೇಕು.

ಟೈಲರುಗಳ ಹೊಟ್ಟೆಯ ಮೇಲೆ ಹೊಡೆದಂತಾಗದೇ ಎನ್ನುವವರಿಗೆ ಟೈಲರುಗಳೇ ಉತ್ತರ ಹೇಳುತ್ತಾರೆ. ಮದುವೆ ಸೀಸನ್ನಿನಲ್ಲಿ ಯಾವ ಅಂಗಡಿಗೆ ಹೋದರೂ ಹೊಸ ಬ್ಲೌಸಿನ ರಾಶಿ ತೋರಿಸಿ ಆಲ್ಟ್ರೇಷನ್ನನ್ನು ತಳ್ಳಿಹಾಕುವುದೇ ಹೆಚ್ಚು. ಅವರ ಲೆಕ್ಕ ಸರಿಯಾಗಿಯೇ ಇದೆ: ಬಿಚ್ಚುವುದಕ್ಕೆ ಹೊತ್ತು ಹೆಚ್ಚು, ಗಿರಾಕಿ ಕೊಡುವುದು ಚಿಲ್ಲರೆ. ಅವರು ಬೇಡವೆಂದ ಕೆಲಸವನ್ನು ಇನ್ನೊಬ್ಬರು ಮಾಡಿದರೆ ಕಸಿದುಕೊಂಡಂತಾಗುವುದಿಲ್ಲ. ಆ ಇನ್ನೊಬ್ಬರು ಯಾರೆಂಬುದಕ್ಕೂ ದೂರ ಹೋಗಬೇಕಿಲ್ಲ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ಕೆಲಸವನ್ನೇ ನೋಡಿ. ಒಂದು ಕಾಲಕ್ಕೆ ಸೆರಗಿನ ತುದಿಯ ಬಿಡಿ ಎಳೆಗಳನ್ನು ಹೆಂಗಸರು ಮಾತಾಡುತ್ತ ಜಗಲಿಯಲ್ಲಿ ಕೂತು ಗಂಟು ಹಾಕಿಕೊಳ್ಳುತ್ತಿದ್ದದ್ದು. ಈಗ ಬೇಬಿ ಕುಚ್ಚು, ಕ್ರೋಶಾ ಕುಚ್ಚು, ಮಣಿ ಕುಚ್ಚು ಎಂದು ಬಗೆಬಗೆಯ ಡಿಸೈನು. ಒಂದೊಂದಕ್ಕೂ ಒಂದೊಂದು ರೇಟು. ಸೀರೆ ಅಂಗಡಿಯವರು ಅವುಗಳ ಫೋಟೋ ಆಲ್ಬಂ ಅನ್ನೇ ಗಿರಾಕಿಯ ಕೈಗಿಡುತ್ತಾರೆ. ಮಿಷನ್ನಿನ ಕೂಗಿಲ್ಲದೆ, ಸೂಜಿ ದಾರದಲ್ಲೇ, ಮನೆಯ ಬಾಗಿಲಲ್ಲಿ ಕೂತೇ ಎಷ್ಟೋ ಸಂಸಾರಗಳು ಇದರ ಮೇಲೆ ನಡೆಯುತ್ತಿವೆ. ಫಾಲ್ಸ್ ಹಚ್ಚುವುದೂ ಹುಕ್ಕು ಹೊಲಿಯುವುದೂ ಇಂಥವೇ. ಬಟ್ಟೆ ತಿದ್ದುವುದು ಇವುಗಳ ಪಕ್ಕದಲ್ಲೇ ಬರಬೇಕಾದ ಕೆಲಸ, ಇನ್ನೂ ಬಂದಿಲ್ಲ. ಅದಕ್ಕೊಂದು ರೇಟ್ ಪಟ್ಟಿಯಿಲ್ಲ ಎನ್ನುವುದೇ ದೊಡ್ಡ ಅಡ್ಡಿ. ಕುಚ್ಚಿಗೆ ಇಷ್ಟು ಎಂದು ಮೊದಲೇ ಹೇಳಬಹುದು. ಹಳೆ ಡ್ರೆಸ್ಸಿಗೆ ಎಷ್ಟು ಎಂಬುದು ಅದನ್ನು ಬಿಚ್ಚಿ ನೋಡುವ ತನಕ ಗೊತ್ತಾಗುವುದಿಲ್ಲ. ಬಿಚ್ಚಿ ನೋಡುವುದಕ್ಕೇ ಒಂದು ದರ, ತಿದ್ದುವುದಕ್ಕೆ ತೋಳು, ಸೊಂಟ, ಅಂಚು ಎಂದು ಬೇರೆ ಬೇರೆ ದರ ಇಡಬಹುದು. ಹೊಲಿಗೆ ತರಬೇತಿ ಕೊಡುವ ಕೇಂದ್ರಗಳು ಮಿಷನ್ ತುಳಿಯುವುದರ ಜತೆಗೆ ಬಿಚ್ಚುವುದನ್ನೂ ಎರಡು ವಾರ ಕಲಿಸಬಹುದು. ಚನ್ನಪಟ್ಟಣದ ಗುಂಡಿ ಮಾಡುವವರನ್ನೂ ರಾಮನಗರದ ಕುಚ್ಚು ಕಟ್ಟುವವರನ್ನೂ ಒಂದು ಕಡೆ ಕೂರಿಸುವುದು ಯಾವುದಾದರೂ ಸ್ವಸಹಾಯ ಸಂಘಕ್ಕೆ ಆಗದ ಕೆಲಸವೇನಲ್ಲ. ಎರಡು ಸಂಜೆಯ ಕೈಕೆಲಸಕ್ಕೆ ಗಾರ್ಮೆಂಟ್ಸಿನ ಒಂದು ದಿನದ ಕೂಲಿಗಿಂತ ಕಡಿಮೆ ಕೊಡುತ್ತೇನೆ ಎನ್ನುವ ಗಿರಾಕಿ ಮಾತ್ರ ತನ್ನ ಡ್ರೆಸ್ಸನ್ನು ಪಾತ್ರೆಯವರಿಗೇ ಹಾಕುವುದು ಒಳ್ಳೆಯದು.